ಇರಿಂಗಾದಿಂದ ಗೆಳೆಯನಿಗೊಂದು ಪತ್ರ

ಇರಿಂಗಾ, ಟಾಂಜಾನಿಯಾ
ಜನವರಿ ಕೊನೆಯ ವಾರ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಮುಟ್ಟಿದ ಕೂಡಲೇ ಕಾಗದ ಬರೆಯುತ್ತೇನೆಂದು ಹೇಳಿ ಬಂದವನು ಹದಿನೈದು ದಿನ ತಡಮಾಡಿದ್ದಕ್ಕೆ ಕ್ಷಮಿಸು. ಮೊದಲ ವಾರವೇ ಬರೆದಿದ್ದರೆ ಇದು ಬರೀ ದಾರಿ, ಮರ, ಊಟಗಳ ವರ್ಣನೆಯಾಗಿ ಮುಗಿಯುತ್ತಿತ್ತು. ನಾನು ಗಣಿತ ಕಲಿಸಲು ಬಂದಿರುವ ಇಲ್ಲಿಯ ಶಾಲೆಯಲ್ಲಿ ಮೊನ್ನೆ ತರಗತಿಯಲ್ಲಿ ನಡೆದ ಒಂದು ಸಂಗತಿಯನ್ನು ನಿನಗೇ ಹೇಳಬೇಕೆನ್ನಿಸಿ ಈಗ ಕೂತಿದ್ದೇನೆ.

ದಾರ್ ಎಸ್ ಸಲಾಮಿನಲ್ಲಿ ವಿಮಾನ ಇಳಿದಾಗ ನಡುರಾತ್ರಿ ದಾಟಿತ್ತು. ಮರುದಿನ ಬೆಳಗಿನ ಬಸ್ಸಿಗೆ ಇರಿಂಗಾದ ದಾರಿ ಹಿಡಿದೆ. ಸುಮಾರು ಐನೂರು ಕಿಲೋಮೀಟರ್, ಇಡೀ ದಿನದ ಪ್ರಯಾಣ. ಮೊರೊಗೊರೊ ದಾಟಿದ ಮೇಲೆ ಹೆದ್ದಾರಿಯು ಮಿಕುಮಿ ಎಂಬ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಯಾವ ಪ್ರಾಣಿಗೆ ಗಾಡಿ ಹಾಯಿಸಿದರೆ ಎಷ್ಟು ದಂಡವೆಂದು ರಸ್ತೆಯ ಬದಿಗೆ ಫಲಕ ಹಾಕಿದ್ದಾರೆ. ಜಿರಾಫೆಗಳು ನಮ್ಮೂರ ಬಯಲಿನಲ್ಲಿ ದನ ಮೇಯುವಷ್ಟೇ ನಿಶ್ಚಿಂತೆಯಿಂದ ಮರದ ತುದಿ ಮೇಯುತ್ತಿದ್ದವು. ಬಸ್ಸಿನಲ್ಲಿ ನನ್ನೊಬ್ಬನನ್ನು ಬಿಟ್ಟರೆ ಮತ್ತಾರೂ ತಲೆಯೆತ್ತಿ ನೋಡಲಿಲ್ಲ.

ಆದರೆ ನನ್ನ ಎದೆ ಹೊಡೆದುಕೊಂಡದ್ದು ಅಲ್ಲಿಂದ ಮುಂದೆ, ರುಆಹಾ ನದಿಯ ಕಣಿವೆಯಲ್ಲಿ. ಎರಡೂ ಕಡೆಯ ಗುಡ್ಡಗಳ ಮೇಲೆ, ಇಳಿಜಾರಿನಲ್ಲಿ, ಮನೆಗಳ ಹಿತ್ತಲಲ್ಲಿ, ಎಲ್ಲಿ ನೋಡಿದರಲ್ಲಿ ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳು! ಮಠದ ಅಂಗಳದ ಆ ಮೂರು ಮರಗಳನ್ನು ನಾವು ಎಂಟು ಹತ್ತು ಹುಡುಗರು ಕೈಗೆ ಕೈ ಕೂಡಿಸಿ ತಬ್ಬಲು ನೋಡುತ್ತಿದ್ದೆವಲ್ಲ, 2023ರಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿದಾಗ ನೀನು ಫೋನಿನಲ್ಲಿ ಮನೆಯ ಹಿರಿಯರು ಬಿದ್ದರೆಂಬಂತೆ ಹೇಳಿದ್ದೆಯಲ್ಲ, ಅದೇ ಜಾತಿಯ ಮರ ಇಲ್ಲಿ ಕಾಡಿಗೆ ಕಾಡೇ ನಿಂತಿದೆ. ಇಂಗ್ಲಿಷಿನಲ್ಲಿ ಬಾವೊಬಾಬ್ ಎನ್ನುವ ಅದನ್ನು ಇಲ್ಲಿನವರು ಮ್ಬುಯು ಎನ್ನುತ್ತಾರೆ. ಅದರ ಕಾಯಿಯೊಳಗಿನ ಬೀಜಕ್ಕೆ ಸಕ್ಕರೆ ಮತ್ತು ಕೆಂಪು ಬಣ್ಣ ಕಟ್ಟಿ ಮಕ್ಕಳಿಗೆ ಮಾರುತ್ತಾರೆ. ಒಂದು ಬಾಯಿಗೆ ಹಾಕಿಕೊಂಡು ನೋಡಿದೆ, ಹುಳಿ. ನಮ್ಮ ಹಿರಿಯರು ಅದಕ್ಕೆ ಹುಣಸೆಯ ಹೆಸರಿಟ್ಟದ್ದು ಸುಮ್ಮನಲ್ಲ.

ಅಲ್ಲಿಂದ ಕಿಟೊಂಗಾ ಎಂಬ ಘಾಟಿ ಹತ್ತಿದರೆ ತಂಪು ಶುರು. ಇರಿಂಗಾ ಸಮುದ್ರಮಟ್ಟದಿಂದ ಸಾವಿರದೈನೂರು ಮೀಟರಿಗೂ ಎತ್ತರದಲ್ಲಿದೆ. ಈಗ ಮಳೆಗಾಲವಾದ್ದರಿಂದ ಗೋವಿನಜೋಳದ ಹೊಲಗಳು ಎದೆಯೆತ್ತರ ಬೆಳೆದು ನಿಂತಿವೆ. ದಾರಿಯ ಬದಿಗೆ ಉಳ್ಳಾಗಡ್ಡಿ, ಟೊಮ್ಯಾಟೊಗಳನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿ ಮಾರುವುದನ್ನು ಕಂಡಾಗ ನಿನ್ನ ಹೊಲದ ನೆನಪಾಯಿತು. ಊಟಕ್ಕೆ ಉಗಾಲಿ, ಅಂದರೆ ಗೋವಿನಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಅವರೆಯಂಥ ಕಾಳು ಅಥವಾ ರಾಜಗಿರಿ ಪಲ್ಯ. ಮುಂಜಾನೆ ಕುಡಿಯುವುದು ರಾಗಿ ಗಂಜಿ. ನಮ್ಮ ರಾಗಿಯ ಮೂಲ ನೆಲೆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ, ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಂದ ನಮ್ಮಲ್ಲಿಗೆ ಬಂದದ್ದು. ಮೊದಲ ದಿನವೇ ನಾನು ಉಗಾಲಿಯನ್ನು ಕೈಯಿಂದ ಮುರಿದು ಉಂಡದ್ದನ್ನು ನೋಡಿ, ನಾನಿರುವ ಮನೆಯ ತಾಯಿ ಇನ್ನೊಂದು ತುತ್ತು ಬಡಿಸಿದರು.

ಈ ತಾಯಿಗೆ ಮನೆಯ ಮಕ್ಕಳು ದಿನಾ ಬೆಳಿಗ್ಗೆ ಹೇಳುವ ಮೊದಲ ಮಾತು ‘ಶಿಕಮೋ’. ಹಿರಿಯರಿಗೆ ಮಾತ್ರ ಸಲ್ಲುವ ವಂದನೆಯದು, ನಿಮ್ಮ ಕಾಲು ಹಿಡಿಯುತ್ತೇನೆಂಬುದು ಅದರ ಮೂಲಾರ್ಥವೆಂದು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸದ ಹೊರತು ಮುಂದಿನ ಮಾತಿಲ್ಲ. ಹೊತ್ತಿನ ಲೆಕ್ಕವೂ ಇಲ್ಲಿ ಸೂರ್ಯೋದಯದಿಂದಲೇ: ಬೆಳಗಿನ ಏಳು ಗಂಟೆ ಇವರಿಗೆ ಒಂದು ಗಂಟೆ, ಎಂಟು ಎಂದರೆ ಎರಡು. ಶಾಲೆಗೆ ಎರಡು ಗಂಟೆಗೆ ಬನ್ನಿ ಎಂದಿದ್ದಕ್ಕೆ ನಾನು ಮಧ್ಯಾಹ್ನ ಹೋಗಿ ನಿಂತೆ. ಪಂಚಾಂಗದಲ್ಲಿ ಸೂರ್ಯೋದಯಾದಿ ಘಟಿಗಳನ್ನು ನೋಡುತ್ತ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಇಲ್ಲಿಯವರ ಭಾಷೆಯಾದ ಸ್ವಾಹಿಲಿಯ ಬಗ್ಗೆ ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸವಣೂರಿನಂಥ ನವಾಬರ ಊರಿನಲ್ಲಿ ಬೆಳೆದ ನಮಗೆ ಇದು ಪರಭಾಷೆ ಅನ್ನಿಸುವುದೇ ಇಲ್ಲ. ಎದುರಾದವರು ‘ಹಬಾರಿ?’ ಎಂದು ಕೇಳುತ್ತಾರೆ, ಅದು ನಮ್ಮ ‘ಏನು ಖಬರು?’. ಕಾರಣಕ್ಕೆ ಸಬಾಬು, ಸಿದ್ಧ ಎನ್ನುವುದಕ್ಕೆ ತಯಾರಿ, ಔಷಧಕ್ಕೆ ದವಾ, ಬಣ್ಣಕ್ಕೆ ರಂಗಿ, ವಾಹನಕ್ಕೆ ಗಾರಿ, ಅಂಗಡಿಗೆ ದುಕಾ. ಗಣಿತಕ್ಕೆ ಇವರು ಹೇಳುವುದು ಹೆಸಾಬು! ಅರಬರ ಹಡಗುಗಳು, ಗುಜರಾತಿನ ವ್ಯಾಪಾರಿಗಳು ಶತಮಾನಗಳ ಕಾಲ ಈ ಕರಾವಳಿಗೂ ನಮ್ಮ ಕರಾವಳಿಗೂ ನಡುವೆ ಓಡಾಡಿದ ಗುರುತುಗಳಿವು. 120ಕ್ಕೂ ಹೆಚ್ಚು ಬುಡಕಟ್ಟುಗಳಿರುವ ದೇಶವನ್ನು ಈ ಒಂದು ಭಾಷೆ ಕಟ್ಟಿ ನಿಲ್ಲಿಸಿದೆ. ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆಯವರನ್ನು ಜನ ಇಂದಿಗೂ ‘ಮ್ವಾಲಿಮು’, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಾರೆ. ನಾನು ಬಸ್ಸಿನಿಂದ ಇಳಿದಾಗ ನನ್ನ ಚೀಲ ಹೊತ್ತುಕೊಂಡ ಹುಡುಗನೂ ನನ್ನನ್ನು ಹಾಗೆಯೇ ಕರೆದ. ಇನ್ನೂ ಒಂದಕ್ಷರವನ್ನೂ ಕಲಿಸದವನಿಗೆ ಆ ಹೆಸರು ಭಾರವೆನ್ನಿಸಿತು.

ಈಗ ತರಗತಿಯ ವಿಷಯ. ಇಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಏಳು ವರ್ಷ ಎಲ್ಲ ಪಾಠಗಳನ್ನೂ ಸ್ವಾಹಿಲಿಯಲ್ಲಿ ಕಲಿಯುತ್ತಾರೆ. ಫಾರ್ಮ್ ಒನ್, ಅಂದರೆ ನಮ್ಮ ಎಂಟನೆಯ ತರಗತಿಗೆ ಕಾಲಿಟ್ಟ ಕೂಡಲೇ ಗಣಿತ, ವಿಜ್ಞಾನ, ಭೂಗೋಳ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತವೆ. 2016ರಿಂದ ಫಾರ್ಮ್ ನಾಲ್ಕರವರೆಗೆ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲದ್ದರಿಂದ, ಮೊದಲು ಬರಲಾಗದಿದ್ದ ಬಡವರ ಮಕ್ಕಳೂ ಬರುತ್ತಿದ್ದಾರೆ. ಅದು ದೊಡ್ಡ ಕೆಲಸ. ನನ್ನ ತರಗತಿಯಲ್ಲಿ 72 ಮಕ್ಕಳಿದ್ದಾರೆ, ಒಂದು ಬೆಂಚಿಗೆ ಮೂವರು. ಇಂಗ್ಲಿಷಿನಲ್ಲಿಯೇ ಮಾತಾಡಬೇಕೆಂಬ ಫಲಕ ಅಂಗಳದಲ್ಲಿದೆ. ಅದರ ಕೆಳಗೇ ಮಕ್ಕಳು ಸ್ವಾಹಿಲಿಯಲ್ಲಿ ಕೂಗಾಡುತ್ತ ಆಡುತ್ತವೆ.

ಮೊನ್ನೆ ನಾನು ತ್ರಿಕೋನದ ಕೋನಗಳ ಮೊತ್ತವನ್ನು ಇಂಗ್ಲಿಷಿನಲ್ಲಿ ವಿವರಿಸಿ, ಎರಡು ಕೋನ ಕೊಟ್ಟು ಮೂರನೆಯದನ್ನು ಕೇಳಿದೆ. 72 ಜೊತೆ ಕಣ್ಣುಗಳು ಕೆಳಗಿಳಿದವು. ಎರಡನೆಯ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿದೆ. ಅವಳು ಎದ್ದು ನಿಂತು, ನೀಲಿ ಸ್ವೆಟರಿನ ತೋಳಿನ ಬಿಚ್ಚಿದ ನೂಲೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಹಿಂದಿನ ರಾತ್ರಿ ಮನೆಯ ತಾಯಿಯಿಂದ ಕೇಳಿ ಬರೆದುಕೊಂಡಿದ್ದ ಚೀಟಿಯನ್ನು ತೆಗೆದು ನಾನು ‘ಪೆಂಬೆತಾತು’ ಎಂದೆ. ಪೆಂಬೆ ಎಂದರೆ ಕೋಡು, ಮೂಲೆ, ಕೋನ. ತಾತು ಎಂದರೆ ಮೂರು. ನಮ್ಮ ‘ತ್ರಿಕೋನ’ ಕಟ್ಟಿದ ಹಾಗೆಯೇ ಕಟ್ಟಿದ ಶಬ್ದ. ಹುಡುಗಿ ತಲೆಯೆತ್ತಿದಳು. ಚಾಕ್‌ಪೀಸು ಕೊಟ್ಟೆ. ಬಂದು ಚಿತ್ರ ಬರೆದಳು, ಎರಡು ಕೋನ ಕೂಡಿಸಿದಳು, 180ರಿಂದ ಕಳೆದಳು, ಏಕೆ ಹಾಗೆ ಕಳೆದೆನೆಂದು ತರಗತಿಗೆ ತಿರುಗಿ ನಿಂತು ಎರಡು ನಿಮಿಷ ಸ್ವಾಹಿಲಿಯಲ್ಲಿ ಹೇಳಿದಳು. ಅರ್ಧ ನನಗೆ ತಿಳಿಯಲಿಲ್ಲ, ಆದರೆ ಮಕ್ಕಳು ನಡುನಡುವೆ ತಿದ್ದಿದರು, ನಕ್ಕರು, ಒಪ್ಪಿದರು. ಕೊನೆಗೆ ಉತ್ತರವನ್ನು ಇಂಗ್ಲಿಷಿನಲ್ಲಿ ಒಂದು ವಾಕ್ಯವಾಗಿ ಬರೆ ಎಂದೆ. ಚಾಕ್‌ಪೀಸು ಹಲಗೆಯ ಮೇಲೆ ಅಲ್ಲಿಯೇ ನಿಂತಿತು.

ಗೆಳೆಯಾ, ಆ ನಿಂತ ಕೈಯನ್ನು ನಾನು ಮೊದಲು ನೋಡಿದ್ದು ನಿನ್ನಲ್ಲಿ. ಎಸ್ಸೆಸ್ಸೆಲ್ಸಿಯವರೆಗೆ ನೀನು ಗಣಿತದಲ್ಲಿ ನನಗಿಂತ ಮುಂದಿದ್ದೆ, ನಿನ್ನನ್ನು ಕೇಳಿಯೇ ನಾನು ಪ್ರಮೇಯಗಳನ್ನು ಕಲಿತದ್ದು. ಪಿಯುಸಿ ವಿಜ್ಞಾನದ ತರಗತಿಯಲ್ಲಿ ಎಲ್ಲವೂ ಇಂಗ್ಲಿಷಾದಾಗ ನಾವಿಬ್ಬರೂ ಹಾಸ್ಟೆಲಿನಲ್ಲಿ ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಬಲಕ್ಕೆ ಇಂಗ್ಲಿಷ್ ಶಬ್ದ ಬರೆಯುತ್ತ ಹೋದೆವು. ದಸರಾ ರಜೆಗೆ ಊರಿಗೆ ಹೋದ ನೀನು ಮರಳಿ ಬರಲಿಲ್ಲ. ಹೊಲದ ಕೆಲಸವಿದೆ ಎಂದಿದ್ದೆ, ನಾನೂ ಹೆಚ್ಚು ಕೇಳಲಿಲ್ಲ. ಕೇಳಬೇಕಿತ್ತು. ಇಷ್ಟು ವರ್ಷ ನಾವಿಬ್ಬರೂ ಆ ಮಾತನ್ನೆತ್ತಿಲ್ಲ, ಈ ದೂರದಿಂದ ಬರೆಯಲು ಸಾಧ್ಯವಾಗಿದೆ.

ಪರೀಕ್ಷೆ ಇಂಗ್ಲಿಷಿನಲ್ಲಿಯೇ ಇರುವುದರಿಂದ ಈ ಮಕ್ಕಳನ್ನು ಇಂಗ್ಲಿಷಿನಿಂದ ತಪ್ಪಿಸಲಾರೆ, ತಪ್ಪಿಸಲೂಬಾರದು. ಆದರೆ ತಿಳಿಯುವುದು ಸ್ವಾಹಿಲಿಯಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ ಎಂದು ಇಲ್ಲಿಯ ಗಣಿತದ ಮೇಷ್ಟ್ರೊಂದಿಗೆ ಮಾತಾಡಿಕೊಂಡಿದ್ದೇನೆ. ಮುಖ್ಯೋಪಾಧ್ಯಾಯರೂ ಒಪ್ಪಿದ್ದಾರೆ. ಸೋಮವಾರದಿಂದ ಪ್ರತಿ ಮಗುವೂ ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಲಿದೆ.

ನಮ್ಮ ಆ ನೋಟ್‌ಬುಕ್ಕನ್ನು ನೀನು ಟ್ರಂಕಿನೊಳಗೆ ಇಟ್ಟುಕೊಂಡು ಹೋದದ್ದು ನನಗೆ ನೆನಪಿದೆ. ಅಟ್ಟದ ಮೇಲೆ ಇದ್ದರೆ ಹುಡುಕಿ, ಮೊದಲ ನಾಲ್ಕೈದು ಪುಟಗಳ ಫೋಟೊ ತೆಗೆದು ಕಳಿಸು. ಹದಿನಾರರ ವಯಸ್ಸಿನಲ್ಲಿ ನಮಗೆ ಯಾವ ಶಬ್ದಗಳು ಮೊದಲು ಎಡವಿದವು, ಯಾವ ಕ್ರಮದಲ್ಲಿ ಎಡವಿದವು ಎಂಬುದು ನನಗೆ ಬೇಕಾಗಿದೆ; ಇಲ್ಲಿಯ ಪಟ್ಟಿಯನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಅವ್ವನಿಗೆ ನನ್ನ ಶಿಕಮೋ ಹೇಳು. ಅವರು ‘ಮರಹಬಾ’ ಎನ್ನಬೇಕೆಂದೂ ಹೇಳು.

ನಿನ್ನ ಗೆಳೆಯ