ಹಗ್ಗ, ಟೆರೇಸು ಮತ್ತೆ ಟೈಗರ್ ಹಿಲ್: ಪೋಷಕರಿಗೆ ಪತ್ರ

ಎಲ್ಲಾ ಪೋಷಕರಿಗೆ ನಮಸ್ಕಾರ,

ಕಾರ್ಗಿಲ್ ವಿಜಯ ದಿವಸದ ದಿನ ಪ್ರೇಯರ್ ಟೈಮಲ್ಲಿ ನಾನು ಕಾರ್ಗಿಲ್ ಯುದ್ಧದಲ್ಲಿ ಪರಮವೀರ ಚಕ್ರ ಪಡೆದ ಸೈನಿಕ ಯೋಗೇಂದ್ರ ಸಿಂಗ್ ಯಾದವ್ ಅವರ ಬಗ್ಗೆ ಹೇಳಿದ್ದೆ, ಅವತ್ತು ಸಂಜೆನೇ ಐದನೇ ಕ್ಲಾಸಿನ ಮೂರು ಹುಡುಗ್ರು ಅಮ್ಮನ ಸೀರೆ ಕಟ್ಕೊಂಡು ಟೆರೇಸಿಂದ ಇಳಿಯೋಕೆ ಹೋಗಿದ್ರಂತೆ. ಯಾರಿಗೂ ಏಟಾಗಿಲ್ಲ, ಪುಣ್ಯ. ಬೈಸ್ಕೊಂಡಿದ್ದು ನಾನು, ಬೈಸ್ಕೋಬೇಕಾದ್ದೇ ಬಿಡಿ, ಹತ್ತು ನಿಮಿಷದಲ್ಲಿ ಬರೀ ಹಗ್ಗ, ಗುಂಡು, ಗ್ರೆನೇಡ್ ಹೇಳಿ ಮುಗಿಸಿದ್ದೆ. ಬಿಟ್ಟಿದ್ದನ್ನ ಇಲ್ಲಿ ಬರೀತಿದೀನಿ, ಮಕ್ಕಳಿಗೆ ಓದಿ ಹೇಳಿ.

ಇವರು ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಹಳ್ಳಿಯವರು. ಅಪ್ಪ ಕುಮಾವ್ ರೆಜಿಮೆಂಟಲ್ಲಿದ್ದು 1965, 1971ರ ಯುದ್ಧ ಕಂಡವರು, ಮಗ 16 ದಾಟಿದ್ದೇ ಸೈನ್ಯ ಸೇರಿದ್ದು. 1999ರ ಜುಲೈ 3ರ ರಾತ್ರಿ 18 ಗ್ರೆನೇಡಿಯರ್ಸ್ ಬೆಟಾಲಿಯನ್ನಿನ ಘಾತಕ್ ಪ್ಲಟೂನ್ ಜೊತೆ, ಪಾಕಿಸ್ತಾನದವರು ಹಿಡ್ಕೊಂಡಿದ್ದ ಟೈಗರ್ ಹಿಲ್ ಬೆಟ್ಟ ಹತ್ತಿದಾಗ ವಯಸ್ಸು ಬರೀ 19. ಘಾತಕ್ ಅಂದ್ರೆ ಬೆಟಾಲಿಯನ್ನಿನ ಕಮಾಂಡೋ ತುಕಡಿ, ಆ ಕಮಾಂಡೋ ಟ್ರೈನಿಂಗ್ ನಡೆಯೋದು ನಮ್ಮ ಬೆಳಗಾವಿಲೇ. ಹಿಮ ಮುಚ್ಚಿದ ಕಡಿದಾದ ಬಂಡೆ, ಹಗ್ಗ ನಾನು ಕಟ್ತೀನಿ ಅಂತ ತಾವಾಗೇ ಮುಂದೆ ಹೋದ್ರು, ದಾರೀಲೇ ಗುಂಡು ಬಿತ್ತು, ಉಳಿದ 60 ಅಡಿ ಹಾಗೇ ಹತ್ತಿ, ತೆವಳ್ಕೊಂಡು ಹೋಗಿ ಬಂಕರಿಗೆ ಗ್ರೆನೇಡ್ ಹಾಕಿದ್ರು.

ಮಕ್ಕಳಿಗೆ ನಾನು ಹೇಳದೇ ಬಿಟ್ಟಿದ್ದು ಇದರ ಮುಂದಿಂದು. ಅವರೇ ಎಷ್ಟೋ ಕಡೆ ಹೇಳ್ಕೊಂಡಿದಾರೆ, ಮೇಲೆ ಹತ್ತಿದ ಏಳು ಜನರಲ್ಲಿ ಆರು ಜನ ಅಲ್ಲೇ ತೀರ್ಕೊಂಡ್ರು, ಇವರು ಅವರ ಮಧ್ಯೆ ಸತ್ತವರ ಹಾಗೆ ಬಿದ್ಕೊಂಡಿದ್ರು, ಸತ್ತಿದಾರಾ ಅಂತ ನೋಡೋಕೆ ಮತ್ತೆ ಗುಂಡು ಹೊಡೆದ್ರೂ ಮಿಸುಕಲಿಲ್ಲ, ಎದೆಗೆ ಬಂದ ಗುಂಡು ಜೇಬಲ್ಲಿದ್ದ ಐದು ರೂಪಾಯಿ ನಾಣ್ಯಗಳಿಗೆ ತಾಗಿ ಜೀವ ಉಳೀತಂತೆ. ಕೆಳಗಿರೋ ನಮ್ಮವರ ಮೆಷಿನ್ ಗನ್ ಪೋಸ್ಟ್ ಮೇಲೆ ದಾಳಿ ಮಾಡೋಣ ಅಂತ ಶತ್ರುಗಳು ಆಡಿದ ಮಾತು ಕಿವಿಗೆ ಬಿದ್ದಿತ್ತು. ಅದನ್ನ ಹೇಳ್ಲೇಬೇಕು ಅಂತಾನೇ ಮುರಿದ ಕೈ ಇಟ್ಕೊಂಡು ಕೊರಕಲಿಗೆ ಉರುಳಿ ಕೆಳಗೆ ಬಂದಿದ್ದು.

ಪರಮವೀರ ಚಕ್ರ ಮೊದಲು ಮರಣೋತ್ತರ ಅಂತ ಅನೌನ್ಸ್ ಆಗಿತ್ತು, ಇವರು ನೋಡಿದ್ರೆ ಆಸ್ಪತ್ರೇಲಿ ಬದುಕಿದಾರೆ! ತೀರ್ಕೊಂಡಿದ್ದು ಅದೇ ಬೆಟಾಲಿಯನ್ನಿನ, ಅದೇ ಹೆಸರಿನ ಇನ್ನೊಬ್ಬರು. ಈ ಪದಕ ಪಡೆದವರಲ್ಲಿ ಇಷ್ಟು ಚಿಕ್ಕವರು ಬೇರೆ ಇಲ್ಲ. ಆಮೇಲೂ ಸರ್ವೀಸಲ್ಲಿದ್ದು 2021ರಲ್ಲಿ ಗೌರವ ಕ್ಯಾಪ್ಟನ್ ಆಗಿ ರಿಟೈರ್ ಆದ್ರು.

ಆ ಇನ್ನೊಬ್ಬ ಯೋಗೇಂದ್ರ ಅವರ ಬಗ್ಗೆ ಸೋಮವಾರ ಪ್ರೇಯರಲ್ಲಿ ಮಾತಾಡ್ತೀನಿ. ನಿಮ್ಮನೇಲಿ ಮಿಲಿಟರೀಲಿ ಇದ್ದ ತಾತ, ಮಾವ ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ. ಅಲ್ಲೀವರೆಗೆ ಟೆರೇಸಿಗೆ ಬೀಗ ಹಾಕಿರಿ ಪ್ಲೀಸ್.

ಇಂತಿ,
ನಿಮ್ಮ ಮಕ್ಕಳ ಹೆಡ್ ಮಿಸ್