ಒಂದೇ ಗೋಡೆಯಲ್ಲಿ ಎರಡು ಲಿಯೋ

ಪ್ರಿಯ ಗೆಳೆಯ,

ರೋಮಿಗೆ ಹೋದವನು ಸುದ್ದಿಯನ್ನೇ ಕೊಡಲಿಲ್ಲ ಎಂದು ಬೈದೆಯಲ್ಲ, ಈಗ ಕೊಡುತ್ತಿದ್ದೇನೆ, ಅದೂ ಎಲ್ಲರ ಮುಂದೆ. ನಿನಗೊಬ್ಬನಿಗೇ ಬರೆದರೆ ಮತ್ತೆ ಹಳದಿ ಛತ್ರಿಯ ಕಥೆ ಎತ್ತುತ್ತೀಯ.

ವ್ಯಾಟಿಕನ್ ಅರಮನೆಯಲ್ಲಿ ಇಟಲಿಯ ಚಿತ್ರಕಾರ ರಫೇಲನ ಭಿತ್ತಿಚಿತ್ರಗಳ ಕೋಣೆಗಳಿವೆ. ಒಂದರ ಗೋಡೆಯ ಮೇಲೆ ಹೂಣರ ದೊರೆ ಅಟಿಲ ಕುದುರೆಯ ಮೇಲೆಯೇ ಬೆಚ್ಚಿ ಆಕಾಶ ನೋಡುತ್ತಿದ್ದಾನೆ. ಮೇಲೆ ಸಂತ ಪೀಟರ್ ಮತ್ತು ಪಾಲ್ ಕತ್ತಿ ಹಿರಿದು ಹಾರಿ ಬರುತ್ತಿದ್ದಾರೆ. ಎದುರಿಗೆ ಪೋಪ್ ಒಂದನೇ ಲಿಯೋ ಸುಮ್ಮನೆ ಕೈ ಎತ್ತಿದ್ದಾನೆ, ಅಷ್ಟೇ. 452ರಲ್ಲಿ ಇವರು ಭೇಟಿಯಾದದ್ದು ಉತ್ತರದ ಮಾಂಟುವಾ ಕಡೆ. ಚಿತ್ರದಲ್ಲಿ ಮಾತ್ರ ಹಿಂದೆ ರೋಮಿನ ಕೊಲೋಸಿಯಂ ಕಾಣುತ್ತದೆ! ಧಣಿಯ ಊರಿಗೇ ಶತ್ರುವನ್ನು ಕರೆತಂದು ಸೋಲಿಸಿದ್ದಾರೆ.

ಕೆಲಸ ಹಿಡಿಸಿದವನು ಪೋಪ್ ಎರಡನೇ ಜೂಲಿಯಸ್. 1513ರಲ್ಲಿ ಅವನು ತೀರಿಕೊಂಡ, ಮೆಡಿಚಿ ಮನೆತನದ ಹತ್ತನೇ ಲಿಯೋ ಗದ್ದುಗೆಗೆ ಬಂದ. ಅಷ್ಟರಲ್ಲಿ ಈ ಲಿಯೋ ಕಾರ್ಡಿನಲ್ (ಪೋಪನ ಕೆಳಗಿನ ಹಿರಿಯ ಪಾದ್ರಿ) ಆಗಿ ಚಿತ್ರದ ಪರಿವಾರದಲ್ಲಿ ಸೇರಿಯಾಗಿತ್ತು. ಈಗ ಪೋಪನ ಮುಖವೂ ಅವನದೇ ಆಯಿತು. ಅದೇ ದುಂಡು ಕೆನ್ನೆಯ ಮನುಷ್ಯ ತನ್ನ ಮೆರವಣಿಗೆಯಲ್ಲಿ ತಾನೇ ಹಿಂಬಾಲಕ.

ಪಕ್ಕದ ಸಭಾಂಗಣದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ರೋಮಿನ ಪುಟ್ಟ ಚಿನ್ನದ ಮೂರ್ತಿಯನ್ನು ಪೋಪನಿಗೆ ಒಪ್ಪಿಸುತ್ತಿದ್ದಾನೆ. ರೋಮನ್ನು ಪೋಪನಿಗೆ ಬಿಟ್ಟುಕೊಟ್ಟೆ ಎಂದು ಅವನು ಬರೆದುಕೊಟ್ಟನೆನ್ನುವ ದಾನಪತ್ರ ಖೋಟಾ ಎಂದು ವಿದ್ವಾಂಸ ಲೊರೆಂಜೊ ವಲ್ಲಾ 1440ರಲ್ಲೇ ತೋರಿಸಿಕೊಟ್ಟಿದ್ದ. ರಫೇಲನ ಶಿಷ್ಯರು 1520ರ ದಶಕದಲ್ಲಿ ಅದನ್ನು ಗಾರೆಯ ಮೇಲೆ ಪಕ್ಕಾ ಮಾಡಿಬಿಟ್ಟರು.

ಹೊಗಳುಭಟರ ಕೆಲಸ ಎಂದು ತಳ್ಳಿಹಾಕಲು ನೋಡಿದೆ, ಆಗಲಿಲ್ಲ. ಅಟಿಲನ ಕಡೆಯ ಆ ಕುದುರೆಗಳ ದಿಗಿಲು, ಆ ಗಾಳಿ! ಮುಲಾಜಿಗೆ ಬರೆದ ಕೈಯಲ್ಲ ಅದು. ಖುಷಿಯಿಂದ ಬರೆದದ್ದು.

ನಾನು ಬರೆದುಕೊಟ್ಟ ಅಭಿನಂದನ ಗ್ರಂಥ ನೆನಪಿದೆಯಲ್ಲ? ಹೆಸರು ಬೇಡ. ಆ ಧಣಿ ಕೆರೆಯ ಹೂಳೆತ್ತಿಸಿದ್ದಕ್ಕೆ ಹಳೆಯ ಪಾಳೇಗಾರನೊಬ್ಬನನ್ನು ಎಬ್ಬಿಸಿ ತಂದು ಇಬ್ಬರನ್ನೂ ಒಂದೇ ಏರಿಯ ಮೇಲೆ ನಿಲ್ಲಿಸಿದ್ದೆ. ದುಡ್ಡಿಗಾಗಿ ಬರೆದೆ ಎಂದು ನಿನಗೆ ಹೇಳಿದ್ದೆ. ಅದು ಅರ್ಧ ಮಾತು. ನನ್ನ ಸ್ವಂತ ಕಥೆಗಳಲ್ಲಿ ಎಷ್ಟು ಕರೆದರೂ ಬಾರದ ವಾಕ್ಯಗಳು ಅಲ್ಲಿ ತಾವಾಗಿಯೇ ಬಂದವು. ಈಗಲೂ ನಿದ್ದೆ ಬಾರದಿದ್ದರೆ ಆ ಪುಟ ತೆಗೆದು ಓದಿಕೊಳ್ಳುತ್ತೇನೆ. ಇಷ್ಟು ಚೆನ್ನಾಗಿ ಬರೆಯಲು ನನಗೆ ಒಬ್ಬ ಧಣಿಯೇ ಬೇಕಾಯಿತೇ?

ನೋಡು, ನಿನಗೂ ಹೇಳದೆ ಇಟ್ಟುಕೊಂಡದ್ದನ್ನು ಊರಿಗೆಲ್ಲ ಹೇಳಿ ಕುಳಿತಿದ್ದೇನೆ. ಇರಲಿ ಬಿಡು, ರಫೇಲನ ಪಕ್ಕದಲ್ಲಿ ನನ್ನನ್ನು ನಾನೇ ಕೂರಿಸಿಕೊಂಡಂತೆಯೂ ಆಯಿತು. ಅವನಿಗೆ ಪೋಪರು ಸಿಕ್ಕಿದರು. ನನಗೆ ಸಿಕ್ಕಿದ್ದು ಅರ್ಧ ಸಂಭಾವನೆ, ಗಂಧದ ಹಾರ, ಒಂದು ಶಾಲು. ಆ ಶಾಲನ್ನೂ ನೀನು ಹೊದ್ದುಕೊಂಡು ಹೋದೆ. ಒಗೆದಾದರೂ ಕೊಡು ಮಾರಾಯ.

ನಿನ್ನವನೇ,
ಆಸ್ಥಾನ ವಿದ್ವಾನ್ (ಬಾಕಿ ಬರಬೇಕಿದೆ)