ಅರಲ್ ಸಮುದ್ರ: ಅರ್ಧ ಕಥೆ ಮಾತ್ರ ಬಂತು

ಮಾನ್ಯ ಸಂಪಾದಕರೇ,

ಮಧ್ಯ ಏಷ್ಯಾದ ದೊಡ್ಡ ಉಪ್ಪುನೀರಿನ ಸರೋವರ ಅರಲ್ ಸಮುದ್ರ ಒಣಗಿದ್ದಕ್ಕೆ ಸೋವಿಯತ್ ಸರ್ಕಾರವೇ ಕಾರಣ ಎಂದು ಓದುಗರೊಬ್ಬರು ಬರೆದಿದ್ದರು. ನಿಜ, ಹತ್ತಿಗಾಗಿ 1960ರ ದಶಕದಿಂದ ನದಿನೀರು ತಿರುಗಿಸಿದ್ದು ಅವರೇ. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರದ್ದನ್ನು ಬಿಟ್ಟರೆ ಹೇಗೆ?

ಕಿರ್ಗಿಸ್ತಾನದ ಟೊಕ್ತೊಗುಲ್ ಅಣೆಕಟ್ಟನ್ನೇ ನೋಡಿ. ಮಾಸ್ಕೋ ಮಾತು ನಡೆಯುವವರೆಗೆ ಚಳಿಗಾಲದಲ್ಲಿ ನೀರು ಹಿಡಿದಿಟ್ಟು, ಬೇಸಿಗೆಯಲ್ಲಿ ಕೆಳಗಿನ ಹತ್ತಿ ಹೊಲಗಳಿಗೆ ಬಿಡುತ್ತಿದ್ದರು. ಬದಲಿಗೆ ಉಜ್ಬೇಕಿಸ್ತಾನ, ಕಜಕಸ್ತಾನದಿಂದ ಗ್ಯಾಸು, ಕಲ್ಲಿದ್ದಲು ಬರುತ್ತಿತ್ತು. ದೇಶಗಳು ಬೇರೆಯಾದವು, ಗ್ಯಾಸಿಗೆ ರೊಕ್ಕ ಕೇಳಿದರು. ಕಿರ್ಗಿಸ್ತಾನದವರು ಚಳಿಗಾಲದಲ್ಲೇ ನೀರು ಬಿಟ್ಟು ಕರೆಂಟು ಮಾಡಿಕೊಂಡರು. ತಪ್ಪು ಅನ್ನಲಾಗುತ್ತಾ? ಅರಲ್‌ಗೆ ಹರಿಯುವ ಸಿರ್ ದರಿಯಾ ನದಿ ಚಳಿಗೆ ಹೆಪ್ಪುಗಟ್ಟಿ, ಅದರಲ್ಲಿ ಹಿಡಿಸದೆ ಆ ನೀರು ಬಹಳಷ್ಟು ಉಜ್ಬೇಕಿಸ್ತಾನದ ಅರ್ನಾಸಾಯ್ ತಗ್ಗಿಗೆ ನುಗ್ಗಿತು. ಅತ್ತ ಅರಲ್‌ಗೂ ಇಲ್ಲ, ಇತ್ತ ಹತ್ತಿಗೂ ಇಲ್ಲ.

2005ರಲ್ಲಿ ಕಜಕಸ್ತಾನ ಕೊಕ್-ಅರಲ್ ಒಡ್ಡು ಕಟ್ಟಿ ಉತ್ತರದ ತುಂಡನ್ನು ಉಳಿಸಿಕೊಂಡಿತು. ಮೀನೂ ಬಂದವು. ದಕ್ಷಿಣದ್ದು ಬಹುಪಾಲು ಉಪ್ಪಿನ ಮರಳುಗಾಡು. ಆ ಧೂಳು ಕುಡಿಯುವವರು ಕರಕಲ್ಪಾಕರು. ಉಜ್ಬೇಕಿಸ್ತಾನದೊಳಗಿನ ಅವರ ಸ್ವಾಯತ್ತ ಗಣರಾಜ್ಯದ ಹಕ್ಕಿಗೆ ಕತ್ತರಿ ಹಾಕಲು ಹೊರಟಾಗ, 2022ರಲ್ಲಿ ಅವರ ರಾಜಧಾನಿ ನುಕುಸ್‌ನಲ್ಲಿ ರಕ್ತ ಹರಿಯಿತು. ಸರ್ಕಾರ ಹಿಂದೆ ಸರಿಯಿತು.

ನಾನು ವಾಸ್ಕೋದಲ್ಲಿ ನೆಲೆಸಿರುವ ಧಾರವಾಡ ಕಡೆಯವನು. ಮಹದಾಯಿ ಮಾತು ಬಂದರೆ ಚಹಾದಂಗಡಿಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಸುಮ್ನೆ ಚಹಾ ಕುಡಿಯುತ್ತೇನೆ. ನಮ್ಮ ಜಗಳಕ್ಕೆ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಆದರೂ ಇವೆ, ಅಲ್ವಾ? ಮಧ್ಯ ಏಷ್ಯಾದ ಐದು ದೇಶಗಳು 1992ರಲ್ಲಿ ಮಾಡಿಕೊಂಡ ನೀರಿನ ಒಪ್ಪಂದದ ಗತಿ ಏನಾಯಿತು ಎಂದು ತಿಳಿದವರಿಂದ ದಯವಿಟ್ಟು ಬರೆಸಿ.

— ನಿವೃತ್ತ ಬಂದರು ಕೆಲಸಗಾರ, ವಾಸ್ಕೋ, ಗೋವಾ